ಡಾಕ್ಟರು ಹೇಳಿದ ಮಾತು
ಎಂಬತ್ತರ ದಶಕದಲ್ಲಿ ನಾವು ಇಳಕಲ್ಲಿನಲ್ಲಿದ್ದೆವು. ಮಾಸ್ತರರಾಗಿದ್ದ ನಮ್ಮ ಯಜಮಾನರಿಗೆ ಓಸಿ ಜೂಜಿನ ಚಟ ಹತ್ತಿತ್ತು. ಹುನಗುಂದದ ಸರಕಾರಿ ದವಾಖಾನೆಯ ಹಿರಿಯ ಡಾಕ್ಟರೊಬ್ಬರು ಪ್ರತಿ ಶನಿವಾರ ಅವರನ್ನು ಕೂರಿಸಿಕೊಂಡು ತಿಳಿಹೇಳಲು ಒಪ್ಪಿದ್ದರು. ಯಜಮಾನರು ಮನೆಗೆ ಬಂದು, ಡಾಕ್ಟರು ಹೇಳಿದ್ದನ್ನೆಲ್ಲ ನನಗೆ ವಿವರಿಸುತ್ತಿದ್ದರು.

ಒಂದು ಸೋಮವಾರ, ಡಾಕ್ಟರಿಗೆ ಕೊಡಲೆಂದು ಕರದಂಟು ಕಟ್ಟಿಕೊಂಡು ನಾನೇ ದವಾಖಾನೆಗೆ ಹೋದೆ.

‘ಅವರು ವರ್ಗ ಆಗಿ ಎರಡು ತಿಂಗಳಾತಲ್ರಿ ಅಕ್ಕಾರ,’ ಎಂದಳು ನರ್ಸ್.

ಆ ಶನಿವಾರ ಯಜಮಾನರು ನಗುತ್ತ ಬಂದರು. ‘ಡಾಕ್ಟರು ಇವತ್ತ ನಿನ್ನ ಭಾಳ ಹೊಗಳಿದ್ರು. ಇಂಥಾ ಹೇಣ್ತಿ ಸಿಗೂದು ಪುಣ್ಯಾ ಅಂದ್ರು.’

‘ಯಾವ ಡಾಕ್ಟರು?’ ಎಂದೆ. ಅವರ ಮುಖ ಬಿಳಿಚಿಕೊಂಡಿತು.

ಜೂಜಿಗಿಂತ ಆ ಹೊಗಳಿಕೆಯೇ ನನಗೆ ಹೆಚ್ಚು ನೋವು ಕೊಟ್ಟಿತು. ಮುಂದೆ ಹೊಸ ಡಾಕ್ಟರ ಬಳಿಗೆ ಯಜಮಾನರನ್ನು ನಾನೇ ಕರೆದುಕೊಂಡು ಹೋಗಿ ಬಾಗಿಲಲ್ಲೇ ಕೂರುತ್ತಿದ್ದೆ. ಒಳಗೆ ಏನಂದರೆಂದು ಮಾತ್ರ ಮತ್ತೆಂದೂ ಕೇಳಲಿಲ್ಲ.