ಅವಳ ತಲೆಯ ಮೇಲಿನ ಆಣೆ

ನನ್ನದು ಬಾಯಿ ಬೊಂಬಾಯಿ. ಕಾಮಾಕ್ಷಿಪಾಳ್ಯದ ನಮ್ಮ ವಠಾರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಲಿನವನಿಂದ ಹಿಡಿದು ಮನೆ ಓನರ್‌ವರೆಗೆ ನನ್ನ ಬಾಯಿಗೆ ಸಿಗದವರಿಲ್ಲ. ಎಲ್ಲರಿಗಿಂತ ಹೆಚ್ಚು ಸಿಕ್ಕವರು ನನ್ನ ಗಂಡ, ಅದೂ ಸಿಗರೇಟಿನ ವಿಷಯಕ್ಕೆ.

ನಮಗೆ ಒಬ್ಬಳೇ ಮಗಳು. ಕೂಸಾಗಿದ್ದಾಗ ಹಣೆಗೆ ಮುತ್ತು ಕೊಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು. ಸೆಕೆಗೆ ಬೆವರಿದ್ದಾಳೆ ಎಂದುಕೊಂಡೆ. ಎಷ್ಟು ಉಣಿಸಿದರೂ ಮೈ ಹತ್ತಲಿಲ್ಲ, ಕೆಮ್ಮು ಬಿಡಲಿಲ್ಲ. ಎರಡು ವರ್ಷ ಅಲೆದ ಮೇಲೆ ಬೆವರಿನ ಪರೀಕ್ಷೆ ಮಾಡಿ ಕಾಯಿಲೆಯ ಹೆಸರು ಹೇಳಿದರು: ಸಿಸ್ಟಿಕ್ ಫೈಬ್ರೋಸಿಸ್. ಎದೆಯ ಕಫ ಅಂಟಿನ ಹಾಗೆ ಗಟ್ಟಿಯಾಗುತ್ತದೆ, ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ತಂದೆ ತಾಯಿ ಇಬ್ಬರಿಂದಲೂ ಬಂದದ್ದು, ಒಬ್ಬರನ್ನೊಬ್ಬರು ದೂರಬೇಡಿ ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಗಂಡನ ಶರಟಿನ ಜೇಬು ನೋಡಿ, "ಇದನ್ನ ಮಾತ್ರ ಬಿಟ್ಬಿಡಿ ಸಾರ್. ಮಗು ಹತ್ರ ಹೊಗೆ ಬರ್ಲೇಬಾರ್ದು" ಎಂದರು.

ಇವರು ಬಿಟ್ಟರೇ? ಮನೆಯೊಳಗೆ ಸೇದುವುದನ್ನು ಬಿಟ್ಟು ತಾರಸಿ ಹತ್ತಿದರು. ಸೇದಿ ಬಂದು ಅದೇ ಅಂಗಿಯಲ್ಲಿ ಅವಳನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನು ತಟ್ಟುತ್ತಿದ್ದರು. ಕಫ ಸಡಿಲವಾಗಲು ದಿನಕ್ಕೆರಡು ಸಲ ಹಾಗೆ ತಟ್ಟಬೇಕಿತ್ತು. ಲೇತ್ ಮಿಷನ್ನಿನಲ್ಲಿ ದುಡಿದ ಒರಟು ಕೈ, ಆದರೂ ಅವಳ ಬೆನ್ನ ಮೇಲೆ ಹದವಾಗಿ ಬೀಳುತ್ತಿತ್ತು. ನಾನು ತಟ್ಟಲು ಹೋದರೆ ಅವಳು "ಅಪ್ಪ ಬರ್ಲಿ" ಎನ್ನುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವಳಿಗೆ ಒಂಬತ್ತಾದಾಗ ನ್ಯುಮೋನಿಯಾ ಆಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆವು. ಅವತ್ತೇ ಸಂಜೆ ಇವರ ಪ್ಯಾಂಟು ಒಗೆಯಲು ಹಾಕುವಾಗ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿತು. ನನ್ನ ಮೈಮೇಲೆ ದೇವರು ಬಂದ ಹಾಗಾಯಿತು. ಇವರ ಕೈ ಹಿಡಿದೆಳೆದು ಅವಳ ತಲೆಯ ಮೇಲೆ ಇಡಿಸಿದೆ.

"ಇನ್ಮೇಲೆ ಸಿಗರೇಟು ಮುಟ್ಟಲ್ಲ ಅಂತ ಮಗಳ ತಲೆ ಮುಟ್ಟಿ ಆಣೆ ಮಾಡಿ."

"ಬೇಡ ಕಣೇ, ಮಗು ಮೇಲೆ ಆಣೆ ಗೀಣೆ ಎಲ್ಲ..."

"ಮಾಡ್ರೀ!"

ಮಾಡಿದರು. ಇಂಥ ಆಣೆ ಮುರಿದರೆ ಏನಾಗುತ್ತದೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಯಾರ ತಲೆ ಮುಟ್ಟಿದ್ದೋ ಆ ತಲೆ ಉಳಿಯುವುದಿಲ್ಲ. ಗೆದ್ದೆ ಎಂದುಕೊಂಡೆ. ಆ ಕೈಯ ಕೆಳಗೆ ನಿಂತವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾಳೆ ಎನ್ನುವುದು ನನ್ನ ಹಾಳು ಬುದ್ಧಿಗೆ ಹೊಳೆಯಲೇ ಇಲ್ಲ.

ಆಮೇಲೆ ಮನೆಯಲ್ಲಿ ಬೆಂಕಿಪೊಟ್ಟಣ ಕಾಣಲಿಲ್ಲ. ದಿನಾ ಸಂಜೆ ಅಪ್ಪ ಮಗಳು ಸ್ಕೂಟರಿನಲ್ಲಿ ಚಂದ್ರಾ ಲೇಔಟಿನ ಟ್ಯೂಷನ್‌ಗೆ ಹೋಗಿಬರುತ್ತಿದ್ದರು. "ಅಪ್ಪ ಸೇದಿದ್ರೇನೇ?" ಎಂದು ನಾನು ಪೊಲೀಸಿನವಳ ಹಾಗೆ ಕೇಳುವುದು, "ಇಲ್ಲಮ್ಮ" ಎಂದು ಅವಳು ಹೇಳುವುದು. ಆದರೆ ಹುಡುಗಿ ಮಂಕಾದಳು. ತಲೆ ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಎಣ್ಣೆ ಹಚ್ಚಲು ಹೋದರೆ ಸರಿದು ನಿಲ್ಲುತ್ತಿದ್ದಳು, ಜಡೆ ತಾನೇ ಸೊಟ್ಟಸೊಟ್ಟ ಹಾಕಿಕೊಳ್ಳುತ್ತಿದ್ದಳು. ಕೊಬ್ಬು ಎಂದು ಬೈದೆ.

ಹದಿಮೂರಾದಾಗ ಆಸ್ಪತ್ರೆಯಲ್ಲಿ ಒಂದು ಫಾರಂ ಕೊಟ್ಟರು. ಕೆಮ್ಮು ಹೇಗಿದೆ, ಊಟ ಸೇರುತ್ತದೆಯೇ, ಯಾವುದಕ್ಕೆ ಭಯ, ಎಲ್ಲ ಮಗುವೇ ಬರೆಯಬೇಕು. ನನ್ನನ್ನು ಹೊರಗೆ ಕೂರಿಸಿದರು. ಆಮೇಲೆ ಡಾಕ್ಟರಮ್ಮ ಒಳಗೆ ಕರೆದು, "ನಾನು ಬೇಗ ಸಾಯ್ತೀನಿ ಅಂತ ಬರ್ದಿದಾಳೆ. ಮಗೂಗೆ ಯಾರು ಹೇಳಿದ್ದು ಇದನ್ನ?" ಎಂದು ಕೇಳಿದರು. ಮನೆಗೆ ಬರುವಾಗ ಆಟೋದಲ್ಲಿ ಅವಳನ್ನೇ ಕೇಳಿದೆ.

"ಅಪ್ಪ ಟ್ಯೂಷನ್ ಹತ್ರ ಟೀ ಅಂಗಡೀಲಿ ಸೇದ್ತಾರಮ್ಮ. ಮೊದ್ಲಿಂದಾನೂ. ನಾನು ಸ್ಕೂಟರ್ ಮೇಲೆ ಕೂತಿರ್ತೀನಿ."

"ನಂಗ್ಯಾಕೆ ಹೇಳ್ಲಿಲ್ವೇ?"

"ಹೇಳಿದ್ರೆ ನಾನು ಸಾಯ್ತೀನಿ ಅಂತ ನಿಂಗೂ ಗೊತ್ತಾಗ್ಬಿಡ್ತಿತ್ತಲ್ಲ."

ಅಯ್ಯೋ ಶಿವನೇ! ನಾಲ್ಕು ವರ್ಷ. ಒಂದೊಂದು ಸಿಗರೇಟು ಹಚ್ಚಿದಾಗಲೂ ತನ್ನ ಆಯಸ್ಸು ಮುಗಿಯಿತು ಎಂದುಕೊಳ್ಳುತ್ತಾ ಆ ಮಗು ಸ್ಕೂಟರ್ ಮೇಲೆ ಕೂತಿತ್ತು. ಹೊಗೆ ಕುಡಿಸಿದ್ದು ಅವಳಪ್ಪ, ಸಾವಿನ ಭಯ ಕುಡಿಸಿದ್ದು ನಾನು.

ಇವರಿಗೆ ಹೇಳಿದಾಗ ನನ್ನ ಬಾಯಿಂದ ಒಂದು ಬೈಗುಳವೂ ಹೊರಡಲಿಲ್ಲ. ಇವರು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತರು. ಅವತ್ತು ಬಿಟ್ಟರು ನೋಡಿ, ಯಾವ ಆಣೆಯೂ ಇಲ್ಲದೆ. ಆಣೆಯಿಂದ ಯಾರೂ ಸಾಯುವುದಿಲ್ಲ ಎಂದು ಇಬ್ಬರೂ ಅವಳಿಗೆ ನೂರು ಸಲ ಹೇಳಿದೆವು. ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಆದರೆ ಎದೆ ಸೋತುಹೋಗಿತ್ತು. ಮೆಟ್ಟಿಲು ಹತ್ತಲಾರದೆ ಸ್ಕೂಲು ನಿಂತಿತು, ಆಮೇಲೆ ಆಕ್ಸಿಜನ್ ಸಿಲಿಂಡರ್ ಮಂಚದ ಪಕ್ಕಕ್ಕೆ ಬಂತು.

ಹದಿನೈದು ತುಂಬಿದ ಮೇಲೆ, ಕೊನೆಯ ವಾರ, ಇವರು ಔಷಧಿ ತರಲು ಹೋದಾಗ ನನ್ನ ಸೆರಗು ಹಿಡಿದುಕೊಂಡಳು.

"ಅಮ್ಮ, ಅಪ್ಪನಿಂದ ಹೀಗಾಯ್ತು ಅಂತ ಅವ್ರ ಹತ್ರ ಯಾವತ್ತೂ ಅನ್ಬೇಡ."

"ಅನ್ನಲ್ಲ ಕಣಮ್ಮ," ಎಂದು ಅಭ್ಯಾಸಬಲದಿಂದ ಅವಳ ತಲೆಯತ್ತ ಕೈ ನೀಡಿದೆ. ಅವಳು ಮೆಲ್ಲಗೆ ನನ್ನ ಕೈ ಹಿಡಿದು ಕೆಳಗಿಳಿಸಿದಳು. "ಆಣೆ ಬೇಡ. ಸುಮ್ನೆ ಹೇಳು, ಸಾಕು."

ಅವಳು ಹೋಗಿ ಎರಡು ವರ್ಷವಾಯಿತು. ಈಗಲೂ ಬೆನ್ನು ತಟ್ಟುವ ಹೊತ್ತಿಗೆ ಇವರು ವರ್ಕ್‌ಶಾಪಿನಿಂದ ಬಂದು, ಕೈ ತೊಳೆದು, ಅವಳ ಮಂಚದ ಮೇಲೆ ಕೂರುತ್ತಾರೆ. ನಿನ್ನೆ ಮತ್ತೆ ಕೇಳಿದರು.

"ನನ್ನಿಂದಾನೇನೇ ಆಗಿದ್ದು?"

"ಅಲ್ಲ ಕಣ್ರೀ," ಎಂದೆ. ಹೌದೋ ಅಲ್ಲವೋ ನನಗೂ ಗೊತ್ತಿಲ್ಲ.

"ಆಣೆ ಮಾಡಿ ಹೇಳು."

ಯಾರ ತಲೆ ಮುಟ್ಟಿ ಮಾಡಲಿ?