ಹಾರಿಸಿ ಓದಿದ ಪುಟಗಳು

ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಾರೆ. ಬಟ್ಟೆಗಿಂತ ಹೆಚ್ಚಾಗಿ ಅವಳು ಕಾದಂಬರಿಗಳನ್ನು ಕತ್ತರಿಸುತ್ತಾಳೆ. ಅಂಗಿಯ ಅಳತೆ ಕೊಡಲು ಹೋದವರಿಗೆ ವಿಮರ್ಶೆ ಬಿಟ್ಟಿಯಾಗಿ ಸಿಗುತ್ತದೆ. “ಇದರ ನಾಯಕ ರೈಲು ಹತ್ತೋಕೆ ಒಂದು ಅಧ್ಯಾಯ ತಗೊಂಡಿದಾನೆ ಕಣ್ರೀ, ಅಷ್ಟರಲ್ಲಿ ನಾನು ಎರಡು ಪ್ಯಾಂಟು ಹೊಲಿದೆ” ಅನ್ನುತ್ತಾಳೆ. ಇನ್ನೊಂದರ ನಾಯಕಿ ಮಾತೆತ್ತಿದರೆ ಅಳುತ್ತಾಳೆಂದು ರೇಗುತ್ತಾಳೆ. ಮತ್ತೊಂದರ ಲೇಖಕ ಅರ್ಧ ಪುಟದಲ್ಲಿ ಹತ್ತು ವರ್ಷ ಓಡಿಸಿದ್ದಕ್ಕೆ, “ಹಿಂದೆ ನಾಯಿ ಅಟ್ಟಿಸ್ಕೊಂಡು ಬಂದಿತ್ತಾ?” ಎಂದು ಕೇಳುತ್ತಾಳೆ. ಅವಳೊಂದಿಗೆ ವಾದಿಸಿ ಗೆದ್ದವರು ಒಬ್ಬರೇ, ಅವಳ ದೊಡ್ಡಮ್ಮ.

ದೊಡ್ಡಮ್ಮ ಅದೇ ಕಟ್ಟಡದ ಮಹಡಿಯಲ್ಲಿ ಮಗನೊಂದಿಗಿದ್ದರು. ಅವರ ಕಣ್ಣು ಹೋದ ಮೇಲೆ ಮಧ್ಯಾಹ್ನದ ಹೊತ್ತು ಕತ್ತರಿಯೇ ಕಾದಂಬರಿ ಓದಿ ಹೇಳುತ್ತಿದ್ದಳು. ದೊಡ್ಡಮ್ಮನಿಗೆ ಕತೆ ನಿಧಾನವಾದಷ್ಟೂ ಇಷ್ಟ. “ಯಾಕೇ ಓಡ್ಬೇಕು? ಒಬ್ಬ ಬಾಗಿಲು ಹೇಗೆ ಹಾಕ್ತಾನೆ, ಊಟಕ್ಕೆ ಹೇಗೆ ಕೂರ್ತಾನೆ ಅಂತ ಗೊತ್ತಾದ್ರೇನೇ ಅವನು ಎಂಥವನು ಅಂತ ತಿಳಿಯೋದು” ಅನ್ನುತ್ತಿದ್ದರು. ಕೆಳಗೆ ಅಂಗಡಿಯಲ್ಲಿ ಹೊಲಿಗೆ ರಾಶಿ ಬಿದ್ದಿರುತ್ತಿತ್ತು. ಹಾಗಾಗಿ ಎಳೆದಾಟ ಅನ್ನಿಸಿದ ಪುಟಗಳನ್ನು ಕತ್ತರಿ ಸದ್ದಿಲ್ಲದೆ ಹಾರಿಸಿಬಿಡುತ್ತಿದ್ದಳು. ಕಾಣದವರಿಗೆ ಏನು ತಿಳಿಯುತ್ತದೆ ಎಂಬ ಧೈರ್ಯ ಅವಳದು.

ಜವಳಿ ಅಂಗಡಿಯ ಮನೆತನವೊಂದರ ದಪ್ಪ ಕಾದಂಬರಿ ಬಂತು. ಅದರಲ್ಲೊಬ್ಬ ಮುದಿ ಗುಮಾಸ್ತ. ಇರುವ ಒಂದೇ ಅಂಗಿಯನ್ನು ಒಗೆದು, ಒಣಗಿಸಿ, ತೊಡುವುದರಲ್ಲೇ ಅವನ ಪುಟಗಳೆಲ್ಲ ಮುಗಿಯುತ್ತವೆ. ಕತ್ತರಿ ಅವನನ್ನು ಪೂರ್ತಿ ಕೈಬಿಟ್ಟಳು. ಕೊನೆಯಲ್ಲಿ ಗುಮಾಸ್ತ ಸತ್ತು, ಅಂಗಡಿಯವರೆಲ್ಲ ಗೋಳಾಡಿದರು.

“ಯಾರೇ ಇವನು?” ಎಂದರು ದೊಡ್ಡಮ್ಮ.

“ಮೊದಲಿಂದ ಇದ್ದನಲ್ಲ ದೊಡ್ಡಮ್ಮ, ಮರೆತುಬಿಟ್ರಾ?”

ಹಿಂದಿನ ಕಾದಂಬರಿಗಳಲ್ಲೂ ಇದೇ ಮಾತು ಹೇಳಿ ಪಾರಾಗಿದ್ದಳು.

ಆಮೇಲೆ ದೊಡ್ಡಮ್ಮ ಒಲೆ ಹಚ್ಚುವುದನ್ನೇ ಬಿಟ್ಟರು. ಕಣ್ಣಿಲ್ಲದೆಯೂ ಕೈಯಂದಾಜಿನಲ್ಲೇ ಮನೆಯ ಅಡುಗೆ ಮಾಡುತ್ತಿದ್ದವರು ಅವರು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಮಗ ಕಾರಣ ಹೇಳಿದ. “ಅಮ್ಮಂಗೆ ಮರೆವು ಶುರುವಾಗಿದೆಯಂತೆ. ಕೇಳಿದ ಕತೇನೇ ತಲೇಲಿ ನಿಲ್ತಿಲ್ಲ, ಒಲೆ ಆರಿಸೋದು ಮರೆತು ಮನೆಗೆ ಬೆಂಕಿ ಹಾಕ್ತೀನೇನೋ ಅಂತಾರೆ. ವಯಸ್ಸಾದವರನ್ನ ನೋಡ್ಕೊಳ್ಳೋ ಕಡೆ ಸೇರಿಸಿಬಿಡು ಅಂತ ಹಟ ಹಿಡಿದಿದಾರೆ. ಈ ವಾರ ಹೋಗಿ ವಿಚಾರಿಸ್ಬೇಕು.”

ನೆಟ್ಟಗಿದ್ದ ಹೆಂಗಸು ತನ್ನ ತಲೆಯನ್ನೇ ನಂಬದ ಹಾಗೆ ಮಾಡಿದೆನಲ್ಲ ಎಂದು ಕತ್ತರಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ಪ್ಯಾಂಟನ್ನು ಹಾಗೇ ಬಿಟ್ಟು, ಪುಸ್ತಕ ಹಿಡಿದು ಮಹಡಿ ಹತ್ತಿದಳು.

ಹೇಗೆ ಶುರುಮಾಡುವುದೆಂದು ತೋಚಲಿಲ್ಲ. ಗುಮಾಸ್ತನ ಮೊದಲ ಅಧ್ಯಾಯ ತೆಗೆದು ಓದತೊಡಗಿದಳು. ಅವನು ಅಂಗಿ ಹಿಂಡುವಷ್ಟರಲ್ಲಿ ದೊಡ್ಡಮ್ಮ ಗಡಿಬಿಡಿಯಿಂದ ತಡೆದರು.

“ಹ್ಞಾ, ಒಂದೇ ಅಂಗಿಯವನು! ನೆನಪಿದೆ ಕಣೇ. ಅವತ್ತೇ ಓದಿದ್ಯಲ್ಲ.”

ಕತ್ತರಿಗೆ ತಡೆಯಲಾಗಲಿಲ್ಲ. “ಇಲ್ಲ ದೊಡ್ಡಮ್ಮ, ಇದನ್ನ ನಾನು ಓದೇ ಇರಲಿಲ್ಲ. ಬೇಜಾರು ಅಂತ ಹಾರಿಸಿಬಿಟ್ಟಿದ್ದೆ. ನೀವು ಏನೂ ಮರೆತಿಲ್ಲ. ಸುಳ್ಳು ಹೇಳಿದ್ದು ನಾನು” ಎಂದು ಅತ್ತುಬಿಟ್ಟಳು.

ದೊಡ್ಡಮ್ಮ ತಡಕಾಡಿ ಅವಳ ಕೈ ಹಿಡಿದುಕೊಂಡರು. “ನನ್ನ ಸಮಾಧಾನಕ್ಕೆ ತಪ್ಪನ್ನ ನಿನ್ನ ಮೇಲೆ ಹಾಕ್ಕೋತೀಯಾ? ಬೇಡಮ್ಮ. ನೀನು ಎಂಥವಳು ಅಂತ ನನಗೆ ಗೊತ್ತಿಲ್ವಾ? ಓದು.”

ಕತ್ತರಿ ಕಣ್ಣೊರೆಸಿಕೊಂಡು ಒಂದು ಸಾಲೂ ಬಿಡದೆ ಓದಿದಳು. ದೊಡ್ಡಮ್ಮ ಪುಟಪುಟಕ್ಕೂ ತಲೆಯಾಡಿಸುತ್ತ, “ನೆನಪಿದೆ, ನೆನಪಿದೆ” ಎನ್ನುತ್ತಲೇ ಇದ್ದರು.