ಎರಡನೇ ಸಾಲಿನ ಹಾಲು

ಹೋದ ವಾರ ಮೇವು ಕೊಯ್ಯುವಾಗ ಕುಡುಗೋಲು ಬೆರಳಿಗೆ ತಾಕಿತು. ಇಂಜೆಕ್ಷನ್ ಹಾಕಿಸಿಕೊಳ್ಳಲು ಸಾತನೂರಿನ ಆಸ್ಪತ್ರೆಗೆ ಹೋಗಿದ್ದೆ. ನರ್ಸಮ್ಮ ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ ತೋಳಿಗೆ ಒರೆಸಿದರು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಸೂಜಿ ಚುಚ್ಚಿದ್ದೇ ನನಗೆ ಗೊತ್ತಾಗಲಿಲ್ಲ. ಬೇರೆಯವರಿಗೆ ಸ್ಪಿರಿಟ್ಟು ಅಂದರೆ ಆಸ್ಪತ್ರೆ. ನನಗೆ ನಮ್ಮೂರಿನ ಡೈರಿ. ಸ್ಪಿರಿಟ್ ದೀಪದ ನೀಲಿ ಉರಿ, ಅದರ ಮೇಲೆ ಹಿಡಿದ ಗಾಜಿನ ನಳಿಕೆ, ನಳಿಕೆಯೊಳಗೆ ಎರಡು ಚಮಚ ಹಾಲು, ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಾ ನಿಂತ ಟೆಸ್ಟರಮ್ಮ...

ಊರೆಲ್ಲ ಅವರನ್ನು ಕೊನೆಗೆ ಕರೆದದ್ದು ಹಾಗೆ, ಟೆಸ್ಟರಮ್ಮ ಅಂತ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅವರಿಗೆ ಆ ಹೆಸರಿರಲಿಲ್ಲ. ಕಾಲೋನಿಯವಳು, ಗಂಡ ಬಿಟ್ಟವಳು, ಇಷ್ಟೇ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಆದರೂ ನಾನು 'ಬಾರಮ್ಮಿ, ಹೋಗಮ್ಮಿ' ಅಂತಲೇ ಮಾತಾಡಿಸುತ್ತಿದ್ದೆ. ಹಾಗೆ ಮಾತಾಡಿಸಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗೆ ಮಾತಾಡಿಸಬಾರದು ಅಂತಲೂ ಯಾರೂ ಹೇಳಿರಲಿಲ್ಲ.

ನಮ್ಮದು ಮಹಿಳಾ ಡೈರಿ. ಹೆಂಗಸರೇ ಸದಸ್ಯರು, ಹೆಂಗಸರೇ ಡೈರೆಕ್ಟರುಗಳು. ನಮ್ಮತ್ತೆ ಅಧ್ಯಕ್ಷರು. ಟೀ ಅಂಗಡಿ ಮುಂದೆ ಕೂತ ಗಂಡಸರು 'ಸೀರೆ ಡೈರಿ' ಅಂತ ಆಡಿಕೊಳ್ಳುತ್ತಿದ್ದರು. ನಮ್ಮತ್ತೆ ಅದಕ್ಕೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. ಆದರೆ ಡೈರಿ ಶುರುವಾದ ದಿನ ಒಂದು ಸಂಗತಿ ನಡೆದಿತ್ತು. ಪೂಜೆಗೆ ಎಲ್ಲ ಸಿದ್ಧವಾದ ಮೇಲೆ ಊರಿನ ಯಜಮಾನರೊಬ್ಬರು ಬಂದು, ದೀಪ ಮಾತ್ರ ಯಾರಾದರೂ ಮುತ್ತೈದೆ ಹಚ್ಚಲಿ ಅಂದರು. ನಮ್ಮತ್ತೆ ಗಂಡ ತೀರಿಕೊಂಡವರು. ಬೆಂಕಿಪೊಟ್ಟಣ ಅವರ ಕೈಯಲ್ಲೇ ಇತ್ತು. ಅದನ್ನು ಪಕ್ಕದವರಿಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಆಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಡೈರಿ ಅಂದರೆ ಒಂದು ರೂಮು, ಅದರ ಮುಂದೊಂದು ಜಗಲಿ. ಜಗಲಿಗೆ ಹೊಂಗೆ ಮರದ ನೆರಳು. ನಾವು ಹಾಲು ಕರೆದು ತಂದು ಕ್ಯಾನುಗಳನ್ನು ಸಾಲಾಗಿ ಇಟ್ಟು, ಆಚೆ ಹೋಗಿ ಕೂತು ಮಾತಾಡುತ್ತಿದ್ದೆವು. ನಮ್ಮ ಬದಲು ಕ್ಯಾನೇ ಸಾಲಿನಲ್ಲಿ ನಿಂತಿರುತ್ತಿತ್ತು. ನಮ್ಮ ಬೀದಿಯ ಕ್ಯಾನುಗಳು ಜಗಲಿ ಮೇಲೆ. ಕಾಲೋನಿಯವರದು ಕೆಳಗೆ, ಚರಂಡಿ ಪಕ್ಕ, ಇನ್ನೊಂದು ಸಾಲು. ಮೊದಲ ಸಾಲು ಪೂರ್ತಿ ಮುಗಿದ ಮೇಲೆ ಅವರ ಸರದಿ. ನಮ್ಮ ಬೀದಿಯವರು ಯಾರಾದರೂ ತಡವಾಗಿ ಬಂದರೂ ನೇರವಾಗಿ ಜಗಲಿಗೇ. ಇದನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಬೇಸಿಗೆ ಬಂತೆಂದರೆ ಎರಡನೇ ಸಾಲಿನ ಹಾಲು ವಾಪಸ್ ಹೋಗುತ್ತಿತ್ತು. ಸಂಜೆ ಹೊತ್ತು ಟೆಸ್ಟರ್ ಒಂದಿಷ್ಟು ಹಾಲನ್ನು ನಳಿಕೆಗೆ ಹಾಕಿ ಕಾಸಿ ನೋಡಬೇಕು. ಗಾಜಿಗೆ ಸಣ್ಣ ಸಣ್ಣ ಚೂರು ಅಂಟಿಕೊಂಡರೆ ಹಾಲು ಒಡೆದಿದೆ ಅಂತ ಅರ್ಥ. ಅದನ್ನು ಲಾರಿಗೆ ಕಳಿಸಿದರೆ ಊರಿನ ಹಾಲೆಲ್ಲ ಕೆಡುತ್ತದೆ. ಕಾಲೋನಿಯವರ ಹಾಲು ಒಡೆದಾಗಲೆಲ್ಲ ನಮ್ಮ ಹೆಂಗಸರು, ಅವರ ಕೊಟ್ಟಿಗೆ ಹಂಗೆ, ಅವರು ಪಾತ್ರೆ ತೊಳೆಯೋದು ಹಂಗೆ ಅನ್ನುತ್ತಿದ್ದರು. ಅವರು ಅನ್ನುತ್ತಿದ್ದರು ಅಂತ ಬರೆದುಬಿಡುವುದು ಸುಲಭ. ನಾನೂ ಅಂದಿದ್ದೇನೆ.

ಅಷ್ಟರಲ್ಲಿ ಟೆಸ್ಟರ್ ಹುಡುಗಿಗೆ ಮದುವೆಯಾಗಿ ಅವಳು ಹಲಗೂರಿನ ಕಡೆ ಹೋದಳು. ನಾನು ಪಿಯುಸಿ ಓದಿದ್ದೆ ಅಂತ ಬದಲಿಯಾಗಿ ನಿಲ್ಲಿಸಿದರು. ಖಾಯಂ ಆಗಬೇಕೆಂದರೆ ಬೆಂಗಳೂರಿಗೆ ಹೋಗಿ ಹದಿನೈದು ದಿನ ಇದ್ದು ತರಬೇತಿ ಪಡೆಯಬೇಕು. ಕೈಮಗು ಬಿಟ್ಟು ಸೊಸೆ ಹೋಗುವುದು ನಮ್ಮತ್ತೆಗೆ ಒಪ್ಪಿಗೆಯಿರಲಿಲ್ಲ. ಮಿಕ್ಕ ಸದಸ್ಯರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು ಒಬ್ಬರೇ, ಮುಂದೆ ಟೆಸ್ಟರಮ್ಮ ಆದವರು. ಗಂಡ ಬಿಟ್ಟು ಹೋದ ಮೇಲೆ, ಮೂವತ್ತೆರಡನೇ ವಯಸ್ಸಿನಲ್ಲಿ, ತನ್ನ ಅರ್ಧ ವಯಸ್ಸಿನ ಮಕ್ಕಳ ನಡುವೆ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆದವರು. ಅವರು ಅರ್ಜಿ ಕೊಟ್ಟರು.

ಊರು ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಸಭೆಯಲ್ಲಿ ಡೈರೆಕ್ಟರಮ್ಮ ಒಬ್ಬರು ಎದ್ದು, ಅವರ ಹಾಲೇ ದಿನಾ ಒಡೀತದೆ, ಅವಳು ನಮ್ಮ ಹಾಲು ಪರೀಕ್ಷೆ ಮಾಡ್ತಾಳಂತೆ ಅಂದರು. ಎಲ್ಲರೂ ನಕ್ಕರು. ಅರ್ಜಿ ಕೊಟ್ಟವರು ಜಗಲಿಯ ಕೆಳಗೆ ನಿಂತಿದ್ದರು. ನಗು ಮುಗಿಯುವ ತನಕ ಕಾದರು.

"ಎಂಟು ದಿನ ಸಾಲು ಬದಲಾಯಿಸಿ ಅವ್ವಾ" ಅಂದರು ನಮ್ಮತ್ತೆಗೆ. "ಸಂಜೆ ಹೊತ್ತು ನಮ್ಮ ಕ್ಯಾನು ಜಗಲಿ ಮೇಲೆ, ಮೊದ್ಲು. ನಿಮ್ದು ಕೆಳಗೆ, ಆಮೇಲೆ. ಆಗ್ಲೂ ನಮ್ಮ ಹಾಲೇ ಒಡದ್ರೆ ನಾನು ಅರ್ಜಿ ವಾಪಸ್ ತಕತೀನಿ. ಇನ್ನೊಂದು ಸತಿ ಕೇಳಾಕಿಲ್ಲ."

ಬೇರೆ ಯಾರು ಕೇಳಿದ್ದರೂ ನಮ್ಮತ್ತೆ ಒಪ್ಪುತ್ತಿರಲಿಲ್ಲವೇನೋ. ಆದರೆ ಇದರಲ್ಲಿ ಸೋಲುವ ಮಾತೇ ಅವರಿಗೆ ಕಾಣಲಿಲ್ಲ. ನಮ್ಮ ಕೊಟ್ಟಿಗೆ ಹಾಲು ಒಡೆಯುವುದುಂಟೇ? ಆಗಲಿ ಬುಡು, ಎಂಟು ದಿನ ತಾನೇ ಅಂದುಬಿಟ್ಟರು. ಆಟಕ್ಕೆ ಒಪ್ಪಿಕೊಂಡಂತೆ ಒಪ್ಪಿಕೊಂಡರು.

ಟೆಸ್ಟರಮ್ಮ ಅದನ್ನು ಸುಮ್ಮನೆ ಕೇಳಿರಲಿಲ್ಲ ಅಂತ ನನಗೆ ತಿಳಿದದ್ದು ಬಹಳ ದಿನದ ಮೇಲೆ. ಒಂದು ತಿಂಗಳಿಂದ ಅವರು ದಿನಾ ಸಂಜೆ ಡೈರಿಗೆ ಹೊರಡುವ ಮುಂಚೆ ಒಂದು ಲೋಟ ಹಾಲನ್ನು ಮನೆಯಲ್ಲೇ, ಮಡಕೆ ಸಾಲಿನ ಪಕ್ಕ ತಂಪಿನಲ್ಲಿ ಇಟ್ಟು ಬರುತ್ತಿದ್ದರಂತೆ. ಡೈರಿಯಲ್ಲಿ ಹಾಲು ವಾಪಸ್ಸಾದ ದಿನ ಮನೆಗೆ ಹೋಗಿ ಆ ಲೋಟದ ಹಾಲನ್ನು ಕಾಸುತ್ತಿದ್ದರು. ಅದೇ ಎಮ್ಮೆ, ಅದೇ ಹೊತ್ತಿನಲ್ಲಿ ಕರೆದದ್ದು. ಒಂದು ದಿನವೂ ಒಡೆಯಲಿಲ್ಲ. ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಯಾರು ನಂಬುತ್ತಿದ್ದೆವು...

ಮೊದಲೆರಡು ದಿನ ಏನೂ ಆಗಲಿಲ್ಲ. ಎಲ್ಲರ ಹಾಲೂ ಸರಿಯಾಗಿಯೇ ಇತ್ತು. ನಮ್ಮ ಬೀದಿಯವರು ನೋಡಿದ್ರಾ ಅಂದರು, ಕಾಲೋನಿಯವರೂ ನೋಡಿದ್ರಾ ಅಂದರು. ಮೂರನೇ ಸಂಜೆ ಕರೆಂಟು ಹೋಯಿತು. ಯುಗಾದಿ ಕಳೆದು ಹದಿನೈದು ದಿನವಾಗಿತ್ತು, ಬಿಸಿಲು ಕಲ್ಲು ಕಾಯಿಸುತ್ತಿತ್ತು. ಫ್ಯಾಟ್ ನೋಡುವ ಮಿಷನ್ ನಿಂತುಹೋಗಿ ಎಲ್ಲರೂ ಕಾದರು. ಪಡುವಣ ಬಿಸಿಲು ಜಗಲಿಯ ಕೆಳಗಿನ ಸಾಲಿನ ಮೇಲೆ ನೇರವಾಗಿ ಬೀಳುತ್ತಿತ್ತು. ಅಲ್ಲಿ ಬಿಸಿಲು ಬೀಳುತ್ತದೆ ಅನ್ನುವುದನ್ನೇ ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಕರೆಂಟು ಬಂದ ಮೇಲೆ ನಾನು ದೀಪ ಹಚ್ಚಿ ಕಾಸಿ ನೋಡಲು ಶುರು ಮಾಡಿದೆ. ಕಾಲೋನಿಯ ಹನ್ನೊಂದು ಕ್ಯಾನು. ಒಂದೂ ಒಡೆಯಲಿಲ್ಲ. ಆಮೇಲೆ ನಮ್ಮವು. ನಾಲ್ಕನೆಯದು ನಮ್ಮ ಮನೆಯದೇ. ನಳಿಕೆ ಉರಿಯ ಮೇಲೆ ಹಿಡಿದೆ, ಹಾಲು ಉಕ್ಕಿ ಇಳಿಯಿತು. ಗಾಜಿನ ಒಳಗೆ ಚೂರು ಅಂಟಿಕೊಂಡಿತ್ತು.

ನಾನು ಹೆಬ್ಬೆರಳಿನಿಂದ ಅದನ್ನು ಮುಚ್ಚಿ, ಸರಿಯಾಗೈತೆ ಅಂದೆ.

ಟೆಸ್ಟರಮ್ಮ ಬಾಗಿಲ ಪಕ್ಕದಲ್ಲೇ ನಿಂತಿದ್ದರು. ಅವರ ಕ್ಯಾನು ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು, ಮನೆಗೆ ಹೋಗಬಹುದಿತ್ತು. ಹೋಗಿರಲಿಲ್ಲ.

"ಒಸಿ ಬೆಳಕಿಗೆ ಹಿಡೀರವ್ವಾ" ಅಂದರು.

ದನಿ ಏರಿಸಲಿಲ್ಲ. ನನ್ನ ಕೈ ತಾನೇ ಮೇಲೆದ್ದಿತು. ನಮ್ಮತ್ತೆ ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು ಹತ್ತಿರ ಬಂದು ನೋಡಿದರು. ತಿರುಗಿಸಿ ಇನ್ನೊಂದು ಕಡೆಯಿಂದಲೂ ನೋಡಿದರು.

"ನಮ್ಮ ಕೊಟ್ಟಿಗೇಲಿ ಯಾವ ಕೊಳಕೂ ಇಲ್ವಲ್ಲಮ್ಮಿ" ಅಂದರು. ಅದು ಜಗಳದ ಮಾತಾಗಿರಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳಿದ್ದು.

"ನಮ್ಮದ್ರಲ್ಲೂ ಇರ್ನಿಲ್ಲ ಕನವ್ವಾ."

ಅವತ್ತು ನಮ್ಮ ಬೀದಿಯ ಇನ್ನೂ ಮೂರು ಕ್ಯಾನು ವಾಪಸ್ಸಾಯಿತು. ಎಂಟು ದಿನ ಬೇಕಾಗಲಿಲ್ಲ. ನಾಲ್ಕನೆಯ ದಿನ ನಮ್ಮ ಬೀದಿಯವರೇ, ಸಾಲು ಹೆಂಗಾದ್ರೂ ಮಾಡ್ಕಳಿ, ಬಿಸಿಲಲ್ಲಿ ಮಾತ್ರ ಇಡಬೇಡಿ ಅನ್ನಲು ಶುರು ಮಾಡಿದರು.

ಆದರೂ ಟೆಸ್ಟರ್ ಕೆಲಸ ಸುಲಭವಾಗಿ ಸಿಗಲಿಲ್ಲ. ಮತ್ತೆ ಸಭೆ ಸೇರಿದಾಗ ಹಾಲಿನ ಮಾತು ಹೋಗಿ ಕೈಯ ಮಾತು ಬಂತು. ಅವಳು ನಮ್ಮ ಕ್ಯಾನಿಗೆ ಸೌಟು ಅದ್ದೋದು ಹೆಂಗೆ ಅಂದರು ಅದೇ ಡೈರೆಕ್ಟರಮ್ಮ. ಈ ಸಲ ಟೆಸ್ಟರಮ್ಮ ಕೆಳಗೆ ನಿಂತಿರಲಿಲ್ಲ. ಜಗಲಿ ಹತ್ತಿ ಬಂದಿದ್ದರು.

"ಎಲ್ಲರ ಹಾಲೂ ಕೊನೆಗೆ ಒಂದೇ ಕ್ಯಾನಿಗೆ ಬೀಳ್ತೈತೆ ತಾನೇ? ಲಾರಿಯೋನು ಬರಾಗಂಟ ಈ ಡೈರೀಲಿ ಕುದಿಯೋ ಕಾಫಿಗೂ ಅದೇ ಹಾಲು. ಇಷ್ಟು ವರ್ಷ ನೀವು ನಮ್ಮ ಎಮ್ಮೆ ಹಾಲ್ನ ಕುಡದವ್ರೇ. ಅರಗ್ನಿಲ್ವಾ?"

ಕಾಲೋನಿಯ ಹೆಂಗಸರು ನಕ್ಕರು. ನಮ್ಮವರಲ್ಲೂ ಕೆಲವರು ಸೆರಗು ಬಾಯಿಗೆ ಅಡ್ಡ ಹಿಡಿದರು. ಅವರು ನಗಲಿಲ್ಲ. ನಮ್ಮತ್ತೆಯ ಕಡೆ ತಿರುಗಿದರು.

"ಅವ್ವಾ, ಡೈರಿ ಶುರುವಾದ ದಿನ ನಿಮ್ಮನ್ನ ದೀಪದಿಂದ ಹಿಂದಕ್ಕೆ ನಿಲ್ಲಿಸಿದ್ರು. ನಾನು ಚರಂಡಿ ಪಕ್ಕದಿಂದ ನೋಡ್ತಿದ್ದೆ. ನಿಮ್ಗೆ ಹೆಂಗಾಯ್ತೋ ನಂಗೊತ್ತು. ಹಂಗೇ ನೀವು ನಮ್ಮನ್ನ ಸಾಲಿಂದ ಹಿಂದಕ್ಕೆ ನಿಲ್ಲಿಸಿದ್ರಿ."

ನಮ್ಮತ್ತೆಯ ಮುಖದ ಮೇಲೆ ಆ ಮಾತು ಆಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಒಪ್ಪಿಗೆಯಿದ್ದವರು ಕೈ ಎತ್ತಿ ಅಂದಾಗ ಕಾಲೋನಿಯವರೆಲ್ಲ ಎತ್ತಿದರು. ನಮ್ಮ ಕಡೆಯಿಂದ ಮೊದಲು ಎತ್ತಿದವರು ಯಾರು ಅನ್ನುತ್ತೀರಿ? ಕುರಿ ಸಾಕುವ ಮನೆಯ ಹೆಂಗಸು. ಆಮೇಲೆ ಇಬ್ಬರು ಗಂಡ ಸತ್ತವರು. ಆಮೇಲೆ ಮಕ್ಕಳಾಗದ್ದಕ್ಕೆ ಗಂಡ ಇನ್ನೊಬ್ಬಳನ್ನು ತಂದುಕೊಂಡಿದ್ದ ನಮ್ಮ ಎದುರು ಮನೆಯಾಕೆ. ನಮ್ಮ ಸಾಲಿನೊಳಗೂ ಒಂದು ಸಾಲಿತ್ತು ಅಂತ ನನಗೆ ಆಗಲೇ ಕಂಡದ್ದು. ಇವರ ಕ್ಯಾನುಗಳನ್ನು ನಾವು ಮಾತಾಡುತ್ತಾ ಮಾತಾಡುತ್ತಾ ಕಾಲಲ್ಲಿ ಒಸಿ ಒಸಿ ಹಿಂದಕ್ಕೆ ತಳ್ಳುತ್ತಿದ್ದೆವು. ನಾನೂ ಎತ್ತಿದೆ, ಕೊನೆಯಲ್ಲಿ. ನಾನು ಎತ್ತುವ ಹೊತ್ತಿಗೆ ಟೆಸ್ಟರಮ್ಮ ಗೆದ್ದಾಗಿತ್ತು. ನಮ್ಮತ್ತೆ ಕೈ ಎತ್ತಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಬೆಂಗಳೂರಿನಿಂದ ತರಬೇತಿ ಮುಗಿಸಿ ಬಂದ ಮೊದಲ ಬೆಳಿಗ್ಗೆ ಟೆಸ್ಟರಮ್ಮ ಮಾಡಿದ್ದು ಒಂದೇ ಕೆಲಸ. ಜಗಲಿ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದರು, ಹೊಂಗೆ ಮರದ ನೆರಳಿನಲ್ಲೇ ಪೂರ್ತಿ ಬರುವಂತೆ. ಯಾರು ಮೊದಲು ಬಂದರೋ ಅವರ ಕ್ಯಾನು ಮೊದಲು. ಸಮಯ ಕಳೆದು ಬಂದರೆ ಕೊನೆಗೆ. ಕೆಲವರು ಒಂದು ವಾರ ಹಾಲು ತರಲಿಲ್ಲ. ಹಾಲಿಗೆ ಹಟ ಗೊತ್ತಾಗುವುದಿಲ್ಲವಲ್ಲ, ಎರಡು ಹೊತ್ತು ಕರೆಯಲೇಬೇಕು. ಒಬ್ಬೊಬ್ಬರಾಗಿ ಬಂದರು. ಆ ಬೇಸಿಗೆ ನಮ್ಮ ಡೈರಿಯಿಂದ ಮತ್ತೆ ಒಂದು ಕ್ಯಾನೂ ವಾಪಸ್ಸಾಗಲಿಲ್ಲ.

ಮುಂದೆ ಕಂಪ್ಯೂಟರ್ ಮಿಷನ್ ಬಂತು. ಆಫೀಸರು ಬಂದಿದ್ದರು, ಗಂಡಸರೆಲ್ಲ ಸೇರಿದ್ದರು. ದೀಪ ಹಚ್ಚಲು ಪಂಚಾಯಿತಿ ಮೆಂಬರರ ಹೆಂಡತಿಯನ್ನು ಕರೆತಂದಿದ್ದರು. ಟೆಸ್ಟರಮ್ಮ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಅಧ್ಯಕ್ಷರು ದೀಪ ಹಚ್ಚಿದ ಮೇಲೆ ಮಿಷನ್ ಆನ್ ಮಾಡ್ತೀನಿ, ಬೈಲಾದಲ್ಲಿ ಹಂಗೇ ಐತೆ ಅಂದರು. ಬೈಲಾದಲ್ಲಿ ಹಾಗೇನೂ ಇರಲಿಲ್ಲ. ಆಫೀಸರಿಗೆ ಅದು ಗೊತ್ತಿತ್ತು, ಹೌದು ಹೌದು ಅಂದರು. ನಮ್ಮತ್ತೆ ಗೀರಿದ ಮೊದಲ ಮೂರು ಕಡ್ಡಿ ಹತ್ತಲಿಲ್ಲ. ನಾಲ್ಕನೆಯದು ಹತ್ತಿತು.

ಮನೆಗೆ ಬಂದು ನಡುಮನೆಯ ಕಂಬಕ್ಕೆ ಒರಗಿ ಕೂತು, "ಸೇಡು ತೀರಿಸ್ಕಂಡ್ಳು ಕನೆ ಅವಳು" ಅಂದರು ನಮ್ಮತ್ತೆ. ಅದು ಹೆಂಗೆ ಅತ್ತೆ ಅಂದೆ. "ಇನ್ಮೇಲೆ ಅವಳಿಗೆ ನಾನು ಏನೂ ಅನ್ನಂಗಿಲ್ವಲ್ಲ" ಅಂದರು. ಹೇಳುವಾಗ ನಗುತ್ತಿದ್ದರೋ ಅಳುತ್ತಿದ್ದರೋ, ಕತ್ತಲ ಮೂಲೆ, ಕಾಣಲಿಲ್ಲ. ಹಾಗಂತ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನಮ್ಮತ್ತೆ ಕೊನೆಯವರೆಗೂ ಟೆಸ್ಟರಮ್ಮನನ್ನು ನಡುಮನೆಗೆ ಕರೆಯಲಿಲ್ಲ. ಟೆಸ್ಟರಮ್ಮನೂ ಬರಲಿಲ್ಲ. ನನಗೆ ಬಿಡುವಿಲ್ಲ ಅವ್ವಾ ಅಂತ ಗೇಟಿನ ಹತ್ತಿರವೇ ಮಾತು ಮುಗಿಸಿ ಹೋಗುತ್ತಿದ್ದರು. ಬಿಡುವು ನಿಜಕ್ಕೂ ಇರಲಿಲ್ಲ. ಮಧ್ಯಾಹ್ನ ಹೊತ್ತು ಕಾಲೋನಿಯ ಹುಡುಗಿಯರನ್ನು ಕೂರಿಸಿಕೊಂಡು ಮಿಷನ್ ಓದುವುದು, ರಿಜಿಸ್ಟರ್ ಬರೆಯುವುದು ಕಲಿಸುತ್ತಿದ್ದರು. ಆಮೇಲಾಮೇಲೆ ನಮ್ಮ ಬೀದಿಯ ಹುಡುಗಿಯರೂ ಹೋಗಿ ಕೂತರು. ಅವರು ಯಾರಿಗೂ ಬೇರೆ ಚಾಪೆ ಹಾಸಲಿಲ್ಲ.

ಎರಡು ವರ್ಷವಾಯಿತು ಟೆಸ್ಟರಮ್ಮ ಹೋಗಿ. ಆಷಾಢದ ಒಂದು ಬೆಳಿಗ್ಗೆ ಎದೆನೋವು ಅಂದವರು ಕನಕಪುರದ ಆಸ್ಪತ್ರೆ ಮುಟ್ಟಲಿಲ್ಲ. ನಾನು ಅವರ ಮನೆಯೊಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ಗೋಡೆಯ ಮೇಲೆ ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅಷ್ಟು ವರ್ಷ ದಿನಕ್ಕೆ ಎರಡು ಸಲ ಮುಖ ನೋಡಿದ್ದೇನೆ. ಒಂದು ದಿನ ಅವರ ಮನೆಗೆ ಹೋಗಿ, ಬಾಯಾರಿಕೆ ಅಕ್ಕಾ, ಒಂದು ಲೋಟ ನೀರು ಕೊಡಿ ಅಂದಿದ್ದರೆ...

ಈಗ ಡೈರಿಯಲ್ಲಿ ಟೆಸ್ಟರ್ ಆಗಿರುವವಳು ಅವರು ಕಲಿಸಿದ ಕಾಲೋನಿಯ ಹುಡುಗಿ, ಇಪ್ಪತ್ತೆರಡು ವರ್ಷ. ಈ ಬೇಸಿಗೆಯಲ್ಲಿ ಒಂದು ಸಂಜೆ ನೆಂಟರ ಮನೆಯಿಂದ ತಡವಾಗಿ ಬಂದು, ಎಷ್ಟೋ ಹೊತ್ತಿನಿಂದ ಕರೆದಿಟ್ಟಿದ್ದ ಹಾಲು ಎತ್ತಿಕೊಂಡು ಓಡಿದೆ. ಹುಡುಗಿ ಕಾಸಿ ನೋಡಿದಳು. ನಳಿಕೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿ, "ವಾಪಸ್, ಅಕ್ಕಾ" ಅಂದಳು. ಜಗಲಿಯ ಸುತ್ತ ಅಷ್ಟೊಂದು ಹೆಂಗಸರಿದ್ದರು, ಯಾರೂ ಹುಬ್ಬು ಕೂಡ ಎತ್ತಲಿಲ್ಲ. ಅವಳು ಆಗಲೇ ಮುಂದಿನ ಕ್ಯಾನಿಗೆ ಸೌಟು ಅದ್ದಿದ್ದಳು. ನಾನು ತುಂಬಿದ ಕ್ಯಾನು ಎತ್ತಿಕೊಂಡು ಮನೆ ಕಡೆ ಹೊರಟೆ. ಒಡೆದ ಹಾಲು ಹೊತ್ತು ಅಷ್ಟು ಖುಷಿಯಾಗಿ ಯಾರೂ ನಡೆದಿರಲಾರರು. ಕಾಲೋನಿಯ ತಿರುವಿನಲ್ಲಿ ಮಾತ್ರ ಒಂದು ಗಳಿಗೆ ನಿಂತೆ. ಇದನ್ನು ಯಾರಿಗೆ ಹೇಳಬೇಕಿತ್ತೋ ಅವರು ಅಲ್ಲಿರಲಿಲ್ಲ.